ಕಟ್ಟಡದ ಸೇಫ್ಟಿ ಬೆಲ್ಟ್ ತೊಟ್ಟು ಮರ ಹತ್ತಬೇಡಿ

ಏಪ್ರಿಲ್ ಬಂತೆಂದರೆ ಬೆಂಗಳೂರಿನಲ್ಲಿ ಮರದ ಕೆಲಸ ಮಾಡುವ ತಂಡಗಳಿಗೆ ಬಿಡುವಿರುವುದಿಲ್ಲ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಗುಲ್‌ಮೊಹರ್, ಕಾಪರ್‌ಪಾಡ್ ಕೊಂಬೆಗಳು ಮುರಿದು ಕಾರಿನ ಮೇಲೋ ಬೆಸ್ಕಾಂ ತಂತಿಯ ಮೇಲೋ ಬೀಳುತ್ತವೆ. ಕೆಲಸ ಹೆಚ್ಚಾದ ಹಾಗೆ ಹೊಸ ಹುಡುಗರು ಸೇರುತ್ತಾರೆ, ಅವರಿಗೆ ಅವಸರದಲ್ಲಿ ಬೆಲ್ಟ್ ಕೊಡಿಸಲಾಗುತ್ತದೆ. ದಕ್ಷಿಣ ಬೆಂಗಳೂರಿನ ಒಂದು ತಂಡ ಹೀಗೆ ಎರಡು ಸಲ ತಪ್ಪು ಹಾರ್ನೆಸ್, ಅಂದರೆ ಹಗ್ಗಕ್ಕೆ ಸಿಕ್ಕಿಸಲು ಮೈಗೆ ತೊಡುವ ಪಟ್ಟಿಗಳ ಜೋಡಣೆ, ಕೊಂಡಿತು. ಮೊದಲನೆಯದರಿಂದ ಒಬ್ಬರ ಜೀವಕ್ಕೇ ಅಪಾಯ ಬಂದಿತ್ತು. ಎರಡನೆಯದು ದುಬಾರಿಯದೇ, ಆದರೂ ಕೆಲಸಕ್ಕೆ ಬರಲಿಲ್ಲ. ಏನು ತಪ್ಪಿತು, ಯಾಕೆ ತಪ್ಪಿತು ಎನ್ನುವುದು ಗೊತ್ತಾದರೆ ಇನ್ನೊಬ್ಬರು ಅದೇ ದಾರಿ ಹಿಡಿಯಲಾರರು.

ಮೊದಲ ಖರೀದಿ ಫುಲ್ ಬಾಡಿ ಹಾರ್ನೆಸ್. ಸೇಫ್ಟಿ ಸಾಮಾನಿನ ಅಂಗಡಿಯಲ್ಲಿ ‘ಎತ್ತರದ ಕೆಲಸಕ್ಕೆ ಬೆಲ್ಟ್ ಕೊಡಿ’ ಎಂದರೆ ಕೈಗೆ ಬರುವುದು ಇದೇ. ಒಂದೆರಡು ಸಾವಿರಕ್ಕೆ ಸಿಗುತ್ತದೆ, ನೋಡಲು ಗಟ್ಟಿಯಾಗಿರುತ್ತದೆ, ಐಎಸ್ 3521 ಎಂಬ ಭಾರತೀಯ ಮಾನದಂಡದ ಗುರುತೂ ಇರುತ್ತದೆ. ಅದು ಕಳಪೆ ಮಾಲಲ್ಲ. ಸಾರ್ವೆಯ ಮೇಲೆ ನಿಂತು ಕೆಲಸ ಮಾಡುವವರು ಜಾರಿದರೆ ಹಿಡಿದುಕೊಳ್ಳಲು ಮಾಡಿದ ಸಾಧನ ಅದು. ಅದರ ಮುಖ್ಯ ರಿಂಗ್ ಬೆನ್ನಿನ ಮೇಲೆ, ಭುಜಗಳ ನಡುವೆ ಇರುತ್ತದೆ. ಬಿದ್ದವರನ್ನು ಯಾರಾದರೂ ಬಂದು ಇಳಿಸುವವರೆಗೆ ಹಿಡಿದಿಡುವುದಷ್ಟೇ ಅದರ ಕೆಲಸ. ಮರದಲ್ಲಿ ಹಾಗಲ್ಲ. ಹತ್ತುವವರು ಗಂಟೆಗಟ್ಟಲೆ ಹಗ್ಗದಲ್ಲೇ ಕೂತಿರುತ್ತಾರೆ, ಹಗ್ಗದ ಗಂಟನ್ನು ತಾವೇ ಸರಿಸುತ್ತಾ ಮೇಲೆ ಕೆಳಗೆ ಹೋಗುತ್ತಾರೆ. ಬೆನ್ನಿನ ರಿಂಗ್‌ಗೆ ಕಟ್ಟಿಕೊಂಡರೆ ಹಗ್ಗಕ್ಕೆ ಕೈಯೇ ಎಟುಕುವುದಿಲ್ಲ.

ಹಾಗಾಗಿ ಆ ತಂಡದವರು ಸೊಂಟದ ಎರಡು ಪಕ್ಕದ ರಿಂಗ್‌ಗಳನ್ನು ಒಂದು ತುಂಡು ಹಗ್ಗದಿಂದ ಜೋಡಿಸಿ, ಅದಕ್ಕೆ ಮುಖ್ಯ ಹಗ್ಗ ಸಿಕ್ಕಿಸಿದರು. ಈ ಜೋಡಣೆ ಊರಲ್ಲಿ ಎಷ್ಟೋ ಕಡೆ ನಡೆಯುತ್ತದೆ, ಅದಕ್ಕೇ ಇಷ್ಟು ಬಿಡಿಸಿ ಹೇಳಬೇಕಾಗಿದೆ. ಪಕ್ಕದ ರಿಂಗ್‌ಗಳು ಇರುವುದು ಕಾಂಡಕ್ಕೆ ಕಾಲು ಕೊಟ್ಟು ಹಿಂದಕ್ಕೆ ಒರಗಿ ನಿಲ್ಲಲು. ಆಗ ಮೈಭಾರದ ದೊಡ್ಡ ಪಾಲು ಕಾಲಿಗೆ ಹೋಗುತ್ತದೆ. ಕಾಲು ಗಾಳಿಯಲ್ಲಿದ್ದರೆ ಇಡೀ ಭಾರ ಸೊಂಟದ ಪಟ್ಟಿಗೆ ಬೀಳುತ್ತದೆ, ಪಟ್ಟಿ ಪಕ್ಕೆಲುಬಿನ ಕಡೆಗೆ ಏರುತ್ತದೆ, ಉಸಿರು ಬಿಗಿಯುತ್ತದೆ. ಕಾಲಿನ ಪಟ್ಟಿಗೆ ಮೆತ್ತೆ ಇಲ್ಲ, ಅಗಲ ಬರೀ ಎರಡು ಬೆರಳಿನಷ್ಟು. ಅದು ಮೇಲಕ್ಕೆ ಎಳೆದುಕೊಂಡು ತೊಡೆಸಂದಿಯಲ್ಲಿ ಒತ್ತಿತು. ಇಪ್ಪತ್ತು ನಿಮಿಷಕ್ಕೆ ಎರಡೂ ಕಾಲಿಗೆ ಜೋಮು. ಹತ್ತಿದವರು ನೋವು ತಾಳಲಾರದೆ ಕಾಲಿನ ಬಕಲ್ ಸಡಿಲಿಸಿದರು. ಮಳೆಮರದ ಅಡ್ಡಕೊಂಬೆಯಿಂದ ಕಾಲು ಜಾರಿದಾಗ ಸಡಿಲ ಬೆಲ್ಟ್ ಕಂಕುಳವರೆಗೆ ಬಂತು. ಅವರಿಗೆ ಮತ್ತೆ ಕೊಂಬೆಗೆ ಬರಲಾಗಲಿಲ್ಲ, ಕೆಲ ನಿಮಿಷದಲ್ಲಿ ಕಣ್ಣು ಕತ್ತಲಿಟ್ಟಿತು. ಕೆಳಗಿದ್ದವರ ಬಳಿ ಇನ್ನೊಂದು ಹಾರ್ನೆಸ್ ಇರಲಿಲ್ಲ. ಏಣಿ ತಂದು ಇಳಿಸಿದರು, ಜೀವ ಉಳಿಯಿತು.

ಬಿಸಿಲಿಗೆ ಹಾಗಾಯಿತು, ಬೆಳಗ್ಗೆ ತಿಂಡಿ ತಿಂದಿರಲಿಲ್ಲ ಎಂದು ಆಮೇಲೆ ಮಾತಾಡಿಕೊಂಡರು. ಕಾರಣ ಬೇರೆಯೇ ಇತ್ತು. ಅಲ್ಲಾಡದೆ ತೂಗುವ ಕಾಲುಗಳಲ್ಲಿ ರಕ್ತ ನಿಲ್ಲುತ್ತದೆ, ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ, ಪ್ರಜ್ಞೆ ತಪ್ಪುತ್ತದೆ. ನೆಲದ ಮೇಲೆ ತಲೆಸುತ್ತಿದರೆ ಮನುಷ್ಯ ಬೀಳುತ್ತಾನೆ, ರಕ್ತ ತಲೆಗೆ ಬರುತ್ತದೆ. ಹಾರ್ನೆಸ್‌ನಲ್ಲಿ ಬೀಳಲಾಗುವುದಿಲ್ಲ, ನೆಟ್ಟಗೇ ತೂಗುತ್ತಿರುತ್ತಾರೆ. ಅಪಾಯ ಅಲ್ಲಿದೆ. ಇಳಿಸಿದ ಮೇಲೆ ಕೂರಿಸಿಯೇ ಇಡಬೇಕು ಎಂಬ ಹಳೆಯ ಸಲಹೆ ಈಗಲೂ ಓಡಾಡುತ್ತಿದೆ. ಅದನ್ನು ಬಿಡಿ. ಅಂಗಾತ ಮಲಗಿಸಿ, ಉಸಿರು ನೋಡಿ, 108ಕ್ಕೆ ಕರೆ ಮಾಡಿ.

ಇದಾದ ಮೇಲೆ ಅದೇ ತಂಡ ಆನ್‌ಲೈನ್‌ನಲ್ಲಿ ದಪ್ಪ ಫೋಮ್ ಇರುವ ಒಂದು ಸ್ಯಾಡಲ್, ಅಂದರೆ ಮರದಲ್ಲಿ ಕೂತು ಕೆಲಸ ಮಾಡುವ ಹಾರ್ನೆಸ್, ತರಿಸಿತು. ಅಂಗೈ ದಪ್ಪದ ಮೆತ್ತೆ, ಅಗಲವಾದ ಬೆನ್ನುಪಟ್ಟಿ, ನೆಲದ ಮೇಲೆ ತೊಟ್ಟುಕೊಂಡರೆ ಹಾಯಾಗಿತ್ತು. ಮರದಲ್ಲಿ ಮಾತ್ರ ಮತ್ತದೇ ಗೋಳು. ಮೆತ್ತೆ ಹೆಚ್ಚಿದ್ದರೆ ಸುಖ ಹೆಚ್ಚು ಎಂದುಕೊಳ್ಳುವುದು ಈ ಖರೀದಿಯ ಎರಡನೇ ಬಲೆ. ಭಾರ ಎಲ್ಲಿ ಬೀಳುತ್ತದೆ ಎನ್ನುವುದನ್ನು ನಿರ್ಧರಿಸುವುದು ಅಳತೆ ಮತ್ತು ರಿಂಗ್‌ಗಳ ಜಾಗ. ಫೋಮ್ ಆ ಭಾರವನ್ನು ಸ್ವಲ್ಪ ಹರಡುತ್ತದೆ, ಅಷ್ಟೇ. ಮೇಲಾಗಿ ನಮ್ಮ ಬೇಸಿಗೆಯಲ್ಲಿ ದಪ್ಪ ಫೋಮ್ ಬೆವರು ಹೀರಿ ಸಂಜೆಯವರೆಗೆ ಒದ್ದೆಯಾಗಿಯೇ ಇರುತ್ತದೆ, ಚರ್ಮ ಉಜ್ಜಿ ಕಿತ್ತುಬರುತ್ತದೆ.

ಅಳತೆ ಹೇಗೆ ಕೈಕೊಟ್ಟಿತು ನೋಡಿ. ಆ ಸ್ಯಾಡಲ್‌ನ ಸೈಜು ದಪ್ಪ ಸೊಂಟಕ್ಕೆ ಮಾಡಿದ್ದು. ನಮ್ಮಲ್ಲಿ ಮರ ಹತ್ತುವ ಹುಡುಗರ ಸೊಂಟ ಹೆಚ್ಚಾಗಿ 28ರಿಂದ 30 ಇಂಚು. ಪಟ್ಟಿಯನ್ನು ಕೊನೆವರೆಗೆ ಎಳೆದು ಬಿಗಿದರೆ ಮೆತ್ತೆಯ ಎರಡು ತುದಿ ಹೊಟ್ಟೆಯ ಮೇಲೆ ಒಂದರ ಮೇಲೊಂದು ಕೂರುತ್ತವೆ, ಪಕ್ಕದ ರಿಂಗ್‌ಗಳು ಮುಂದಕ್ಕೆ ಬರುತ್ತವೆ, ಕಾಂಡಕ್ಕೆ ಒರಗಿದಾಗ ಬೆನ್ನಿಗೆ ಸಿಗಬೇಕಾದ ಆಸರೆ ಸಿಗುವುದಿಲ್ಲ. ಸೈಜು ಚಿಕ್ಕದಾದರೆ ಉಲ್ಟಾ: ರಿಂಗ್ ಹಿಂದೆ ಸರಿಯುತ್ತದೆ, ಮೆತ್ತೆ ಟೊಂಕದ ಮೂಳೆಗೆ ಮುಟ್ಟುವ ಮೊದಲೇ ಮುಗಿದು ಬರೀ ಪಟ್ಟಿ ಮೂಳೆಯ ಮೇಲೆ ಕೂರುತ್ತದೆ. ಆ ಮೂಳೆಯ ಮುಂಭಾಗದಲ್ಲಿ ತೊಡೆಗೆ ಹೋಗುವ ನರವಿದೆ. ದಿನವೂ ಅದು ಒತ್ತಿದರೆ ತೊಡೆಯ ಹೊರಮಗ್ಗುಲಿನಲ್ಲಿ ಉರಿ, ಜೋಮು ಶುರುವಾಗುತ್ತದೆ, ಬೆಲ್ಟ್ ಬಿಚ್ಚಿದ ಮೇಲೂ ಉಳಿಯುತ್ತದೆ. ಕೆಲಸದ ಪ್ಯಾಂಟ್ ಮೇಲೆಯೇ ಅಳೆಯಿರಿ. ನಿಮ್ಮ ಅಳತೆ ಆ ಸೈಜಿನ ಹರವಿನ ನಡುವೆ ಬರಬೇಕು, ತುದಿಯಲ್ಲಲ್ಲ. ಬಿಗಿದ ಮೇಲೆ ಬಕಲ್‌ನಿಂದ ಹೊರಗೆ ಕನಿಷ್ಠ ಒಂದು ಅಂಗೈ ಅಗಲ ಪಟ್ಟಿ ಉಳಿದಿರಬೇಕು.

ಮುಂದಿನದು ಬ್ರಿಡ್ಜ್. ಸೊಂಟದ ಮುಂದೆ ಎಡದಿಂದ ಬಲಕ್ಕೆ ಹೋಗುವ ಗಿಡ್ಡ ಹಗ್ಗ ಇದು, ಇದರ ಮೇಲೆ ಓಡುವ ರಿಂಗ್‌ಗೆ ಮುಖ್ಯ ಹಗ್ಗ ಸೇರುತ್ತದೆ. ಅಂಗಡಿಯಲ್ಲಿ ಇದರ ಬಗ್ಗೆ ಯಾರೂ ಕೇಳುವುದಿಲ್ಲ. ಸೊಂಟ ಹಿಂಡುವ ನೋವಿಗೆ ಬಹಳ ಸಲ ಇದೇ ಕಾರಣ. 80 ಕಿಲೋ ತೂಕದವರು ಹಗ್ಗದಲ್ಲಿ ತೂಗಿದಾಗ ರಿಂಗ್‌ನಿಂದ ಎಡಬಲಕ್ಕೆ ಇಳಿಯುವ ಬ್ರಿಡ್ಜ್‌ನ ಎರಡು ಎಳೆಗಳ ನಡುವಿನ ಕೋನ 120 ಡಿಗ್ರಿ ಇದ್ದರೆ ಪ್ರತಿ ಎಳೆಯೂ 80 ಕಿಲೋ ಹೊರುತ್ತದೆ, ಸೊಂಟವನ್ನು ಎರಡೂ ಕಡೆಯಿಂದ ಸುಮಾರು 69 ಕಿಲೋ ಬಲ ಒಳಕ್ಕೆ ಒತ್ತುತ್ತದೆ. ಬ್ರಿಡ್ಜ್ ಉದ್ದ ಮಾಡಿ ಕೋನವನ್ನು 60 ಡಿಗ್ರಿಗೆ ಇಳಿಸಿದರೆ ಎಳೆಗೆ 46 ಕಿಲೋ, ಒಳಒತ್ತಡ ಬರೀ 23 ಕಿಲೋ. ಹಾಗೆಂದು ಬೇಕಾದಷ್ಟು ಉದ್ದ ಬಿಡುವಂತಿಲ್ಲ. ರಿಂಗ್ ದೂರ ಹೋದಷ್ಟೂ ಹಗ್ಗದ ಗಂಟೋ ಗಂಟಿನ ಬದಲು ಹಾಕುವ ಡಿವೈಸೋ ಕೈಗೆಟುಕದಾಗುತ್ತದೆ, ಪ್ರತಿ ಸಲ ಮೇಲೆ ಚಾಚಿ ಭುಜ ಸೋಲುತ್ತದೆ. ಕೂತು ತೂಗುತ್ತಿರುವಾಗ ಮೊಣಕೈ ಸ್ವಲ್ಪ ಮಡಚಿಯೇ ಗಂಟು ಹಿಡಿಯಲು ಸಿಗಬೇಕು, ಅಲ್ಲಿಯವರೆಗೆ ಮಾತ್ರ ಉದ್ದ ಬಿಡಿ. ಆ ತಂಡದ ಸ್ಯಾಡಲ್‌ನಲ್ಲಿ ಬ್ರಿಡ್ಜ್ ಹೊಲಿದು ಕೂರಿಸಿದ ಗಿಡ್ಡ ಪಟ್ಟಿಯಾಗಿತ್ತು, ಬದಲಿಸಲು ದಾರಿಯೇ ಇರಲಿಲ್ಲ. ಬ್ರಿಡ್ಜ್ ಬದಲಿಸಲು ಬಾರದ ಸ್ಯಾಡಲ್ ಬೇಡ.

ಮರ ನೋಡಿ ಸ್ಯಾಡಲ್ ಆರಿಸಿ. ಮಳೆಮರದಂಥ ಅಗಲ ಹರಡಿದ ಮರದಲ್ಲಿ ಕೊಂಬೆಯ ಮೇಲೆ ದೂರ ನಡೆದು ಹೋಗಬೇಕು, ಹಗ್ಗ ಒಂದು ಪಕ್ಕಕ್ಕೆ ಎಳೆಯುತ್ತದೆ. ರಿಂಗ್ ಸಲೀಸಾಗಿ ಓಡುವ ಹಗ್ಗದ ಬ್ರಿಡ್ಜ್, ಬೇರೆಬೇರೆಯಾಗಿ ಅಲ್ಲಾಡುವ ಲೆಗ್ ಲೂಪ್ (ತೊಡೆಗೆ ಸುತ್ತುವ ಪಟ್ಟಿ) ಅಲ್ಲಿ ಬೇಕು. ತೊಡೆಯಡಿ ಗಟ್ಟಿ ಹಲಗೆ ಬರುವ ಸ್ಯಾಡಲ್ ತುಂಬ ಹೊತ್ತು ಕೂರಲು ಒಳ್ಳೆಯದು, ಆದರೆ ಕೊಂಬೆಯ ಮೇಲೆ ನಡೆಯುವಾಗ ಅದು ಕಾಲಿಗೆ ಅಡ್ಡ ಬರುತ್ತದೆ. ಸಿಲ್ವರ್ ಓಕ್, ತೆಂಗಿನಂಥ ನೆಟ್ಟಗಿನ ಕಾಂಡದಲ್ಲಿ ಕೆಲಸ ಪೂರ್ತಿ ಹಿಂದಕ್ಕೆ ಒರಗಿಯೇ ನಡೆಯುತ್ತದೆ. ಅಲ್ಲಿ ಬೆನ್ನಿನ ಕೆಳಭಾಗದ ಪಟ್ಟಿ ಅಗಲವಾಗಿರಬೇಕು, ಪಕ್ಕದ ರಿಂಗ್ ಸರಿಯಾಗಿ ಟೊಂಕದ ನೇರಕ್ಕೆ ಬರಬೇಕು. ಗರಗಸ ಓಡಿಸುವಾಗ ಮುಖ್ಯ ಹಗ್ಗದ ಜೊತೆಗೆ ಈ ರಿಂಗ್‌ಗಳಿಂದ ಒಂದು ಲ್ಯಾನ್ಯಾರ್ಡ್ (ಗಿಡ್ಡ ಆಸರೆ ಹಗ್ಗ) ಕಾಂಡಕ್ಕೆ ಸುತ್ತಿರಲೇಬೇಕು. ಉಕ್ಕಿನ ತಂತಿಯಿರುವ ಲ್ಯಾನ್ಯಾರ್ಡ್ ಗರಗಸಕ್ಕೆ ಸುಲಭವಾಗಿ ತುಂಡಾಗುವುದಿಲ್ಲ, ಆದರೆ ಕರೆಂಟು ಹರಿಸುತ್ತದೆ. ಕರೆಂಟು ತಂತಿಯ ಹತ್ತಿರದ ಮರವಾದರೆ ಮೊದಲು ಬೆಸ್ಕಾಂನ 1912ಕ್ಕೆ ಕರೆ ಮಾಡಿ ಲೈನ್ ಆಫ್ ಮಾಡಿಸಿ.

ಲೇಬಲ್‌ನಲ್ಲಿ ಇಎನ್ 813 ಮತ್ತು ಇಎನ್ 358 ಎಂಬ ಯುರೋಪಿನ ಮಾನದಂಡಗಳ ಗುರುತು ಎರಡೂ ಇರಬೇಕು. ಮೊದಲನೆಯದು ಕೂತು ತೂಗಲು ಮಾಡಿದ ಹಾರ್ನೆಸ್‌ನದು, ಎರಡನೆಯದು ಒರಗಿ ನಿಲ್ಲಲು ಮಾಡಿದ ಬೆಲ್ಟ್‌ನದು. ಬರೀ ಇಎನ್ 361 ಇದ್ದರೆ ಅದು ಬಿದ್ದವರನ್ನು ಹಿಡಿಯುವ ಹಾರ್ನೆಸ್, ಆ ತಂಡದ ಮೊದಲ ಖರೀದಿಯ ಜಾತಿ. ಇನ್ನೊಂದು ಮಾತೂ ನೆನಪಿರಲಿ. ಇಎನ್ 813 ಸ್ಯಾಡಲ್ ಬೀಳುವುದಕ್ಕೆ ಮಾಡಿದ್ದಲ್ಲ. ಹಗ್ಗ ಸದಾ ನಿಮ್ಮ ಮೇಲಿನಿಂದ ಬಂದು ಬಿಗಿಯಾಗಿರಬೇಕು, ಸಡಿಲ ಬಿಟ್ಟು ಅದರ ಮೇಲಕ್ಕೆ ಹತ್ತಬಾರದು. ಪೆಟ್ಜಲ್, ಟ್ಯೂಫೆಲ್‌ಬರ್ಗರ್‌ನಂಥ ಕಂಪನಿಗಳ ಮರದ ಸ್ಯಾಡಲ್‌ಗಳಿಗೆ ಹತ್ತಾರು ಸಾವಿರ ಆಗುತ್ತದೆ. ಅಷ್ಟು ಕೊಟ್ಟ ಮೇಲೂ ತೊಟ್ಟು ಹಗ್ಗದಲ್ಲಿ ತೂಗಿ ನೋಡದೆ ಸರಿಯೋ ತಪ್ಪೋ ತಿಳಿಯುವುದಿಲ್ಲ.

ತೂಗಿ ನೋಡುವುದೆಂದರೆ ಅಂಗಡಿಯಲ್ಲಿ ಎರಡು ನಿಮಿಷ ಕೂತು ಏಳುವುದಲ್ಲ. ಗಟ್ಟಿ ತೊಲೆಗೋ ತಗ್ಗಿನ ಕೊಂಬೆಗೋ ಹಗ್ಗ ಹಾಕಿ, ಪಾದ ನೆಲದಿಂದ ಒಂದು ಗೇಣು ಮೇಲಿರುವ ಹಾಗೆ ಇಪ್ಪತ್ತು ನಿಮಿಷ ತೂಗಿ. ಒಬ್ಬರು ಪಕ್ಕದಲ್ಲೇ ನಿಂತಿರಲಿ, ಕಾಲಿಗೆ ಒಂದು ಹಗ್ಗದ ಕುಣಿಕೆ ಸಿದ್ಧವಿರಲಿ, ಬೇಕೆಂದಾಗ ಎದ್ದು ನಿಲ್ಲಲು. ಮೊದಲು ಸೊಂಟದ ಪಟ್ಟಿಯನ್ನು ಟೊಂಕದ ಮೂಳೆಯ ಮೇಲಂಚಿಗೆ ತಂದು ಬಿಗಿಯಿರಿ. ಲೆಗ್ ಲೂಪ್‌ನೊಳಗೆ ಚಪ್ಪಟೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಕೂತಾಗ ಲೂಪ್ ಕುಂಡಿಯ ಕೆಳಗಂಚಿನಲ್ಲೇ ನಿಲ್ಲಬೇಕು. ಅದು ತೊಡೆಯ ನಡುವಿಗೆ ಜಾರಿದರೆ ಮೊಣಕಾಲು ಮೇಲೇಳುತ್ತದೆ, ಮೈ ಹಿಂದಕ್ಕೆ ವಾಲುತ್ತದೆ. ಹಾಗಾದರೆ ಲೂಪನ್ನು ಸೊಂಟದ ಪಟ್ಟಿಗೆ ಸೇರಿಸುವ ಹಿಂದಿನ ಎಲಾಸ್ಟಿಕ್ ಪಟ್ಟಿ ಗಿಡ್ಡ ಮಾಡಿ. ತೊಡೆಸಂದಿಗೆ ಏರಿದರೆ ಉದ್ದ ಮಾಡಿ. ಎಡಕ್ಕೆ ಬಲಕ್ಕೆ ವಾಲಿ, ಹಿಂದಕ್ಕೆ ಮಲಗಿ, ಮುಂದೆ ಬಾಗಿ ಪಾದ ಮುಟ್ಟಿ. ಹೊಟ್ಟೆ ತುಂಬ ಉಸಿರೆಳೆದುಕೊಳ್ಳಲು ಆಗಬೇಕು. ಕಾಲ್ಬೆರಳಿಗೆ ಜುಮ್ಮೆಂದರೆ ನಿಲ್ಲಿಸಿ, ಯಾವ ಅಂಚು ಒತ್ತುತ್ತಿದೆ ಎಂದು ಹುಡುಕಿ.

ಆಮೇಲೆ ಕೆಲಸದ ಸಾಮಾನನ್ನೆಲ್ಲ ನೇತುಹಾಕಿ ಮತ್ತೆ ತೂಗಿ. ಮೂರು ನಾಲ್ಕು ಕಿಲೋದ ಗರಗಸ ಒಂದೇ ಪಕ್ಕಕ್ಕೆ ಬಿದ್ದಾಗ ಬೆಲ್ಟ್ ವಾಲಿದರೆ ಸೊಂಟದ ಬಿಗಿ ಸಾಲದು, ಇಲ್ಲವೇ ಸೈಜೇ ದೊಡ್ಡದು. ಸಾಮಾನು ಸಿಕ್ಕಿಸುವ ಸಣ್ಣ ಲೂಪ್‌ಗಳು ಆಳಿನ ಭಾರ ಹೊರುವುದಿಲ್ಲ, ಅವಕ್ಕೆ ಎಂದೂ ಹಗ್ಗ ಕಟ್ಟಬೇಡಿ. ಜೇಬಿನ ಮೊಬೈಲು, ಬೀಗದ ಕೈ, ಬೀಡಿ ಡಬ್ಬಿ ಎಲ್ಲ ಕೆಳಗಿಟ್ಟೇ ಹತ್ತಿ, ಲೆಗ್ ಲೂಪಿನಡಿ ಸಿಕ್ಕ ಒಂದು ಬೀಗದ ಕೈ ಸಾಕು ತೊಡೆಗೆ ಗಾಯವಾಗಲು. ತೂಗಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ತೂಗಿ ನೋಡಿದ ಮೇಲೂ ವಾಪಸ್ ತಗೊಳ್ಳುತ್ತಾರೆಯೇ ಎಂದು ಮೊದಲೇ ಬರೆಸಿಕೊಳ್ಳಿ. ಆ ತಂಡ ಇದನ್ನು ಕೇಳಿರಲಿಲ್ಲ, ಟ್ಯಾಗ್ ಕಿತ್ತ ಮೇಲೆ ಮಾರಿದವರು ವಾಪಸ್ ಪಡೆಯಲಿಲ್ಲ.

ಮೇಸ್ತ್ರಿಗಳಿಗೆ ಒಂದು ವಿನಂತಿ. ಮೂವರಿಗೆ ಒಂದೇ ಸ್ಯಾಡಲ್ ಕೊಡಿಸಬೇಡಿ. ಒಬ್ಬರಿಗೆ ಹೊಂದಿಸಿದ ಲೆಗ್ ಲೂಪ್, ಎಲಾಸ್ಟಿಕ್, ಬ್ರಿಡ್ಜ್ ಮತ್ತೊಬ್ಬರಿಗೆ ತಪ್ಪೇ. ಅವಸರದಲ್ಲಿ ಯಾರೂ ಮತ್ತೆ ಹೊಂದಿಸುವುದಿಲ್ಲ, ಹಾಗೇ ಹತ್ತಿಬಿಡುತ್ತಾರೆ. ಕೆಳಗೆ ನಿಲ್ಲುವವರಿಗೂ ಒಂದು ಸ್ಯಾಡಲ್, ಒಂದು ಹಗ್ಗ, ಹತ್ತಿ ಇಳಿಸುವ ಅಭ್ಯಾಸ ಬೇಕು. ಹೆಜ್ಜೇನು ಎದ್ದಾಗ, ಕೆಂಪಿರುವೆ ಮುತ್ತಿದಾಗ ಏಣಿ ಹುಡುಕುತ್ತಾ ಕೂರಲಾಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಮಾಲು ಬಂದರೆ ತಯಾರಾದ ವರ್ಷ ನೋಡಿ. ಪಟ್ಟಿಗಳಿಗೆ ಪೆಟ್ಜಲ್ ಕೊಡುವ ಗರಿಷ್ಠ ಆಯಸ್ಸು ತಯಾರಾದ ದಿನದಿಂದ 10 ವರ್ಷ, ಬಳಸದೆ ಇಟ್ಟಿದ್ದರೂ ಸರಿ. ಲೇಬಲ್ ಕಿತ್ತುಹೋಗಿದ್ದರೆ ಬೇಡ. ಹೊಲಿಗೆಯ ದಾರ ಎದ್ದಿದ್ದರೆ, ಪಟ್ಟಿಯ ಅಂಚು ಗರಗಸಕ್ಕೆ ಸಿಕ್ಕು ಕತ್ತರಿಸಿದ್ದರೆ, ಬಿಸಿಲಿಗೆ ಬಣ್ಣ ಹೋಗಿ ಬಿರುಸಾಗಿದ್ದರೆ ಬೇಡ. ಬ್ರಿಡ್ಜ್ ಹಗ್ಗ ರಿಂಗ್ ಓಡುವ ಜಾಗದಲ್ಲಿ ಹೊಳಪಾಗಿ ಗಟ್ಟಿಯಾಗಿದ್ದರೆ ಅಥವಾ ತೆಳ್ಳಗಾಗಿದ್ದರೆ ಅಂದೇ ಬದಲಿಸಿ, ಕಂಪನಿ ಹೇಳಿದ ಹಗ್ಗವನ್ನೇ ಹಾಕಿ. ಸ್ಯಾಡಲ್ಲನ್ನು ಪೆಟ್ರೋಲ್ ಕ್ಯಾನಿನ ಜೊತೆ ಗಾಡಿಯಲ್ಲಿ ಎಸೆಯಬೇಡಿ. ಒಗೆಯುವುದಿದ್ದರೆ ತಣ್ಣೀರು, ಮೆದು ಸೋಪು, ಒಣಗಿಸುವುದು ನೆರಳಲ್ಲಿ.