ಸುಬಾರು ಎಸ್‌ಟಿಐ: ಒಂದೇ ಟರ್ಬೊ, ಮೂರು ಹೆಡರ್

ನನ್ನ 2011ರ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರಿಗೆ ಎರಡು ವರ್ಷಗಳ ಅವಧಿಯಲ್ಲಿ ಮೂರು ಬಗೆಯ ಹೆಡರ್‌ಗಳನ್ನು, ಅಂದರೆ ಸಿಲಿಂಡರುಗಳ ಹೊಗೆಯನ್ನು ಟರ್ಬೊಗೆ ಒಯ್ಯುವ ಕೊಳವೆಗಳ ಜೋಡಣೆಯನ್ನು, ಜೋಡಿಸಿ ಓಡಿಸಿದ್ದೇನೆ. ಮೊದಲನೆಯದು ಕಾರ್ಖಾನೆಯಿಂದಲೇ ಬಂದ ಬೀಡು ಕಬ್ಬಿಣದ್ದು, ಎರಡನೆಯದು ನಾಲ್ಕೂ ಕೊಳವೆಗಳು ಸಮ ಉದ್ದವಿರುವ ಸ್ಟೇನ್‌ಲೆಸ್ ಸ್ಟೀಲಿನದು, ಮೂರನೆಯದು ಮೂಲದಂತೆಯೇ ಅಸಮ ಉದ್ದವಿದ್ದರೂ ಕೊಳವೆಯ ಅಗಲ ಹೆಚ್ಚಿರುವಂಥದು. ಮೂರಕ್ಕೂ ಕಾರ್ಖಾನೆಯ ವಿಎಫ್48 ಟರ್ಬೊವನ್ನೇ (ಹೊಗೆಯ ಬಲದಿಂದ ಟರ್ಬೈನ್ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಉಳಿಸಿಕೊಂಡೆ. ಪೆಟ್ರೋಲು ವಾಷಿಂಗ್ಟನ್ ರಾಜ್ಯದ ಬಂಕುಗಳಲ್ಲಿ ಸಿಗುವ 92 ಆಕ್ಟೇನಿನದು. ಪ್ರತಿ ಬಾರಿಯೂ ಶಕ್ತಿ ಅಳೆಯುವ ಅದೇ ಡೈನೋ ಯಂತ್ರದ ಮೇಲೆ ಅಳೆಸಿ, ಬಳಿಕ ನಾರ್ತ್ ಬೆಂಡ್‌ನಿಂದ ಸುಮಾರು 920 ಮೀಟರ್ ಎತ್ತರದ ಸ್ನೋಕ್ವಾಲ್ಮಿ ಘಟ್ಟಕ್ಕೆ ಏರುವ ಐ-90 ಹೆದ್ದಾರಿಯಲ್ಲಿ ಓಡಿಸಿ ನೋಡಿದೆ.

ಈ ಎಂಜಿನ್ನಿನಲ್ಲಿ ಹೆಡರ್ ಏಕೆ ಇಷ್ಟು ಮುಖ್ಯ ಎಂಬುದನ್ನು ಮೊದಲು ಹೇಳಬೇಕು. 2.5 ಲೀಟರಿನ ಇಜೆ257 ಎಂಜಿನ್ನಿನಲ್ಲಿ ಸಿಲಿಂಡರುಗಳು ಎದುರುಬದುರಾಗಿ ಮಲಗಿವೆ. 1 ಮತ್ತು 3 ಬಲಕ್ಕೆ, 2 ಮತ್ತು 4 ಎಡಕ್ಕೆ. ಉರಿಯುವ ಕ್ರಮ 1-3-2-4 ಆದ್ದರಿಂದ ಒಂದೇ ಬದಿಯ ಎರಡು ಸಿಲಿಂಡರುಗಳು ಬೆನ್ನುಬೆನ್ನಿಗೆ ಉರಿಯುತ್ತವೆ. ಟರ್ಬೊ ಇರುವುದು ಬಲಬದಿಯಲ್ಲಿ. ಹೀಗಾಗಿ ಎಡಬದಿಯ ಅನಿಲವು ಎಂಜಿನ್ನಿನ ಕೆಳಗಿನ ಅಡ್ಡ ಕೊಳವೆಯಲ್ಲಿ ಹಾದು, ಬಲಬದಿಯದಕ್ಕಿಂತ ದೂರ ಪ್ರಯಾಣ ಮಾಡಿ ಟರ್ಬೊ ಮುಟ್ಟಬೇಕು. 3,000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಒಂದು ಸಿಲಿಂಡರು ಉರಿದು ಇನ್ನೊಂದು ಉರಿಯುವುದರ ನಡುವಿನ ಅಂತರ ಕೇವಲ 10 ಮಿಲಿಸೆಕೆಂಡು. ಅದರೊಳಗೆ ಒಂದು ಮಿಲಿಸೆಕೆಂಡು ಹಿಂದುಮುಂದಾದರೂ ಟರ್ಬೈನಿಗೆ ತಗಲುವ ಹೊಡೆತಗಳ ಲಯ ಕೆಡುತ್ತದೆ. ಸುಬಾರು ಕಾರುಗಳ ಹೆಸರಾಂತ ಗುಡುಗುಡು ಸದ್ದು ಹುಟ್ಟುವುದು ಇದೇ ಕೆಟ್ಟ ಲಯದಿಂದ. ಇದರ ಜೊತೆಗೆ, 3ನೇ ಸಿಲಿಂಡರಿನ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದಾಗ 1ನೆಯದರ ವಾಲ್ವ್ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಕೊಳವೆಗಳು ಬಾಯಿಯ ಹತ್ತಿರವೇ ಕೂಡಿಕೊಂಡಿದ್ದರೆ ಒಂದರ ಬಿಸಿ ಅನಿಲ ಇನ್ನೊಂದರೊಳಕ್ಕೆ ನುಗ್ಗುತ್ತದೆ.

ಮೂಲ ಹೆಡರನ್ನು ಹಗುರವಾಗಿ ಕಾಣುವವರು ಬಹಳ ಮಂದಿ. ನಾನು ಆ ಮಾತನ್ನು ಒಪ್ಪುವುದಿಲ್ಲ. ಅದು ಭಾರವಾಗಿದೆ, ಒಳಮೈ ಒರಟಾಗಿದೆ, ನಿಜ. ಆದರೆ ಶಾಖವನ್ನು ತನ್ನೊಳಗೇ ಹಿಡಿದಿಡುತ್ತದೆ, ಅದರ ತಗಡಿನ ಹೊದಿಕೆ ಪಕ್ಕದ ಆಕ್ಸಲ್ಲಿನ ರಬ್ಬರ್ ಬೂಟನ್ನು ಕಾಪಾಡುತ್ತದೆ, ವರ್ಷಾನುಗಟ್ಟಲೆ ಬಿರುಕು ಬಿಡುವುದಿಲ್ಲ. ಮೂರನೇ ಗೇರಿನಲ್ಲಿ ಪೂರ್ಣ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಪೂರ್ಣ ಒತ್ತಡ, ಸುಮಾರು 3,300 ಆರ್‌ಪಿಎಂಗೆ ದೊರೆಯುತ್ತಿತ್ತು. ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡೆ.

ಸಮ ಉದ್ದದ ಹೆಡರ್ ಹಾಕಿದ ದಿನ ಮೊದಲು ಗಮನಕ್ಕೆ ಬಂದದ್ದು ಬೂಸ್ಟ್ ಮಿತಿಮೀರಿದ್ದು. ಹಳೆಯ ಟ್ಯೂನಿನಲ್ಲಿಯೇ (ಇಂಧನ, ಬೂಸ್ಟ್ ನಿಯಂತ್ರಿಸುವ ಎಂಜಿನ್ ಕಂಪ್ಯೂಟರಿನ ಹೊಂದಾಣಿಕೆ) ಓಡಿಸಿದಾಗ ಗುರಿಗಿಂತ ಒಂದೂವರೆ ಪಿಎಸ್‌ಐ (ಒತ್ತಡದ ಅಳತೆ) ಮೇಲಕ್ಕೆ ಹೋಯಿತು. ಟರ್ಬೈನಿಗೆ ಹೆಚ್ಚು ಶಕ್ತಿ ತಲುಪುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲವಾದರೂ, ಪಿಸ್ಟನ್ನಿನ ರಿಂಗ್ ಕೂರುವ ಅಂಚುಗಳು ನಾಕಿಂಗ್‌ನಿಂದ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಒಡೆಯುವುದಕ್ಕೆ ಹೆಸರಾದ ಈ ಎಂಜಿನ್ನಿನಲ್ಲಿ ಅದು ಅಪಾಯದ ಸಂಗತಿ. ಆದ್ದರಿಂದ ಹೊಸ ಟ್ಯೂನ್ ಮಾಡಿಸುವವರೆಗೆ ಕಾಲನ್ನು ಬಿಗಿಹಿಡಿದೇ ಓಡಿಸಿದೆ. ಟ್ಯೂನಿನ ಬಳಿಕ ಪೂರ್ಣ ಬೂಸ್ಟ್ 3,050ಕ್ಕೇ ಬರತೊಡಗಿತು. ಗರಿಷ್ಠ ಶಕ್ತಿ ಮೂಲಕ್ಕಿಂತ 9 ಅಶ್ವಶಕ್ತಿಯಷ್ಟೇ ಹೆಚ್ಚಿತು, ಆದರೆ ಘಟ್ಟ ಏರುವಾಗ ಆಗಿರುವ ವ್ಯತ್ಯಾಸವನ್ನು ಆ ಅಂಕಿ ಹೇಳುವುದಿಲ್ಲ: ಲಾರಿಯ ಹಿಂದೆ ನಿಧಾನವಾಗಿ, ಮತ್ತೆ ದಾರಿ ತೆರವಾದಾಗ ಗೇರು ಇಳಿಸದೆಯೇ ವೇಗ ಕೂಡಿಸಿಕೊಳ್ಳಲು ಸಾಧ್ಯವಾಯಿತು. ಎಂಜಿನ್ ಕಂಪ್ಯೂಟರಿನ ದಾಖಲೆಯಲ್ಲಿ, ನಾಕಿಂಗ್ ತಡೆಯಲು ಅದು ಮಾಡುವ ತಿದ್ದುಪಡಿಗಳೂ ಕಡಿಮೆಯಾದವು. ಇದರಲ್ಲಿ ಹೆಡರಿನ ಪಾಲೆಷ್ಟು, ಹೊಸ ಟ್ಯೂನಿನ ಪಾಲೆಷ್ಟು ಎಂದು ನಾನು ಬೇರ್ಪಡಿಸಿ ಅಳೆದಿಲ್ಲ. ಕಳೆದುಕೊಂಡದ್ದು ಆ ಗುಡುಗುಡು ಸದ್ದನ್ನು. ಈಗ ಕೇಳುವುದು ಸಾಮಾನ್ಯ ನಾಲ್ಕು ಸಿಲಿಂಡರಿನ ಏರುದನಿ. ಹತ್ತು ವರ್ಷ ಆ ಸದ್ದನ್ನು ಪ್ರೀತಿಸಿದವನಿಗೆ ಅದು ಸಣ್ಣ ನಷ್ಟವಲ್ಲ.

ಅಗಲ ಕೊಳವೆಯ ಹೆಡರಿನ ಮೇಲೆ ನನಗೆ ಆಸೆ ಹೆಚ್ಚಿತ್ತು, ಏಕೆಂದರೆ ಸದ್ದೂ ಉಳಿಯುತ್ತದೆ, ಹರಿವೂ ಹೆಚ್ಚುತ್ತದೆ ಎಂದುಕೊಂಡಿದ್ದೆ. 6,000 ಆರ್‌ಪಿಎಂನ ಆಚೆ ಅದು ನಿಜವಾಯಿತು. ಮೂಲಕ್ಕಿಂತ 11 ಅಶ್ವಶಕ್ತಿ ಹೆಚ್ಚು ಬಂದು, ಮೂರರಲ್ಲಿ ಅದೇ ಮೇಲೆ ನಿಂತಿತು. ಆದರೆ ಪೂರ್ಣ ಬೂಸ್ಟ್ 3,450ಕ್ಕೆ ಹಿಂದೆ ಸರಿಯಿತು. ಟರ್ಬೊ ಇಲ್ಲದ ಎಂಜಿನ್ನಿಗೂ ಇರುವ ಎಂಜಿನ್ನಿಗೂ ಹೆಡರಿನ ಲೆಕ್ಕ ಬೇರೆ ಎನ್ನುವುದು ಇಲ್ಲಿಯೇ. ಟರ್ಬೈನಿಗೆ ಮೊದಲಿನ ಕೊಳವೆಯೊಳಗೆ ಜಾಗ ಹೆಚ್ಚಿದಷ್ಟೂ ಹೊಡೆತದ ಮೊನೆ ಮೊಂಡಾಗುತ್ತದೆ, ತೆಳು ಉಕ್ಕಿನ ಅಗಲ ಮೈಯಿಂದ ಶಾಖವೂ ಸೋರಿಹೋಗುತ್ತದೆ. ವಿಎಫ್48ನಂಥ ಚಿಕ್ಕ ಟರ್ಬೊಗೆ ಅಷ್ಟು ಅಗಲ ಬೇಕಾಗಿಯೇ ಇರಲಿಲ್ಲ. ದೊಡ್ಡ ಟರ್ಬೊ ಹಾಕಿ, ಹೆಚ್ಚಿನ ಆರ್‌ಪಿಎಂನಲ್ಲಿಯೇ ಓಡಿಸುವವರ ಕಾರಿನಲ್ಲಿ ಇದೇ ಹೆಡರ್ ಗೆಲ್ಲಬಹುದು.

ಅದನ್ನು ಬಿಚ್ಚಲು ಮಾತ್ರ ಬೇರೆ ಕಾರಣ ಬಂತು. ಏಳನೇ ತಿಂಗಳಲ್ಲಿ, ತಣ್ಣಗಿದ್ದಾಗ ಟಿಕ್ ಟಿಕ್ ಎಂದು ಶುರುವಾದ ಸದ್ದು ಬಿಸಿಯಾದ ಮೇಲೂ ನಿಲ್ಲಲಿಲ್ಲ. ಕೊಳವೆಗಳು ಕೂಡುವ ಜಾಗದ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಸಾಧಾರಣ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಜಾರುಕೀಲನ್ನೋ ಬಾಗುವ ಬೆಲ್ಲೋಸನ್ನೋ ಕೊಡದಿದ್ದರೆ ಒತ್ತಡವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ. ಸಮ ಉದ್ದದ ಹೆಡರಿನಲ್ಲಿ ಜಾರುಕೀಲುಗಳಿದ್ದವು, ಇದರಲ್ಲಿ ಇರಲಿಲ್ಲ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅದನ್ನೇ. ಬಿರುಕಿನಿಂದಾಗುವ ತೊಂದರೆ ಸದ್ದಿಗೆ ಮುಗಿಯುವುದಿಲ್ಲ: ಈ ಕಾರಿನಲ್ಲಿ ಮುಂದಿನ ಆಮ್ಲಜನಕ ಸೆನ್ಸರ್ ಇರುವುದು ಹೆಡರಿನಲ್ಲಿಯೇ ಆದ್ದರಿಂದ, ಸೋರಿಕೆಯಿಂದ ಹೊರಗಾಳಿ ಸೇರಿದರೆ ಇಂಧನದ ಲೆಕ್ಕವೂ ತಪ್ಪುತ್ತದೆ.

ಈಗ ಕಾರಿನಲ್ಲಿರುವುದು ಸಮ ಉದ್ದದ ಹೆಡರ್. ಅದಕ್ಕೆ ಶಾಖ ತಡೆಯುವ ಪಟ್ಟಿ ಸುತ್ತಿಸಿ, ಆಕ್ಸಲ್ ಬೂಟಿನ ಬಳಿ ಒಂದು ತಗಡು ಕಟ್ಟಿಸಿದ್ದೇನೆ. ಸದ್ದು ಬೇಕೇ ಬೇಕು ಎನ್ನುವವರಿಗೆ ನಾನು ಅಗಲ ಕೊಳವೆಯದನ್ನು ಹೇಳುವುದಿಲ್ಲ. ಮೂಲ ಹೆಡರಿನ ಬಾಯಿಗಳನ್ನು ಉಜ್ಜಿಸಿ ನಯಗೊಳಿಸಿ, ಸೆರಾಮಿಕ್ ಲೇಪನ ಮಾಡಿಸಿ ಹಾಕಿಕೊಳ್ಳಿ ಎನ್ನುತ್ತೇನೆ. ನನ್ನ ಮೂಲ ಹೆಡರನ್ನು ಅದಕ್ಕಾಗಿಯೇ ಮಾರದೆ, ಎಣ್ಣೆ ಸವರಿ, ಹೊಸ ಗ್ಯಾಸ್ಕೆಟ್ಟುಗಳ ಜೊತೆ ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದೇನೆ.