ಲಂಕಾದ ಕಾಡಲ್ಲಿ 14 ದಿನದ ಸಮಥ ಶಿಬಿರ: ಝಾನ ಸಿಗ್ಲಿಲ್ಲ, ಆದ್ರೂ ನಾಲ್ಕೂವರೆ ಸ್ಟಾರ್

ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಝಾನ, ಅಂದ್ರೆ ಮನಸ್ಸು ಒಂದೇ ಕಡೆ ಪೂರ್ತಿ ಮುಳುಗಿ ನಿಲ್ಲೋ ಧ್ಯಾನದ ಸ್ಥಿತಿ, ಆಗಿಲ್ಲ. ಒಂದನೇದೂ ಆಗಿಲ್ಲ. ಆಯ್ತು ಅನ್ನೋರ ಕಥೆ ಓದೋಣ ಅಂತ ಬಂದಿದ್ರೆ ಇಲ್ಲಿಂದ್ಲೇ ವಾಪಸ್ ಹೋಗಿ, ಬೇಜಾರಿಲ್ಲ.

ವಿಪಸ್ಸನ 10 ದಿನದ ಕೋರ್ಸ್ ಎರಡು ಸಲ ಮುಗ್ಸಿದೀನಿ. ಅದ್ರಲ್ಲಿ ಮೊದಲ ಮೂರು ದಿನ ಬರೀ ಆನಾಪಾನ, ಮೂಗಿನ ಹತ್ರ ಉಸಿರು ನೋಡೋದು, ನಾಲ್ಕನೇ ದಿನ ಮೈಯಿನ ಸಂವೇದನೆ ಕಡೆ ಹೊರಳಿಸ್ತಾರೆ, ನಂಗೆ ಎರಡು ಸಲಾನೂ ಅನ್ಸಿದ್ದು ಅಯ್ಯೋ ಈಗಿನ್ನೂ ಮನಸ್ಸು ಕೂರ್ತಿತ್ತು, ಎಬ್ಬಿಸ್ಬಿಟ್ರಲ್ಲಪ್ಪಾ ಅಂತ. ಹಂಗೆ ಕೂತಿದ್ದನ್ನ ಎಬ್ಬಿಸ್ದೇ ತುದಿವರೆಗೂ ಬಿಡೋದು ಸಮಥ, ಅದು ಪೂರ್ತಿ ಗಟ್ಟಿಯಾದ್ರೆ ಝಾನ. ನಮ್ಮ ಧ್ಯಾನ ಅನ್ನೋ ಪದಾನೇ ಪಾಳಿ ಭಾಷೇಲಿ ಝಾನ ಆಗಿರೋದು, ಹಳಗನ್ನಡದಲ್ಲೂ ಜಾನ, ಜಾನಿಸು ಅಂತ ಇತ್ತಲ್ಲ ಹಂಗೆ. ಅದೇ ಪದ ಚೀನಾದಲ್ಲಿ ಚಾನ್, ಜಪಾನಲ್ಲಿ ಝೆನ್.

ಈ ಆಸೇಲಿ ಹೋದ ವರ್ಷ ಒಂದು ಆನ್‌ಲೈನ್ ಕೋರ್ಸಿಗೆ 18 ಸಾವಿರ ಕಟ್ಟಿದ್ದೆ. ಯಾವ್ದು ಅಂತ ಕೇಳ್ಬೇಡಿ. ಆರು ವಾರ ಝೂಮಲ್ಲಿ. ಕೋಚ್ ಮೊದಲ ಕ್ಲಾಸಲ್ಲೇ ನಾನು ಬೇಕಂದಾಗ ನಾಲ್ಕನೇ ಝಾನಕ್ಕೆ ಹೋಗಿ ಬರ್ತೀನಿ ಅಂದ, ಏನೋ ಮೆಜೆಸ್ಟಿಕ್ಕಿಗೆ ಹೋಗಿ ಬಂದಂಗೆ. ಎರಡನೇ ವಾರ ನಾನು ಸಾರ್ ಅಂಗೈ ಬೆಚ್ಚಗಾಯ್ತು, ಒಂಥರಾ ಜುಂ ಅಂತು ಅಂದೆ ಅಷ್ಟೇ, ಕಂಗ್ರಾಟ್ಸ್ ಅದೇ ಫಸ್ಟ್ ಝಾನ ಅಂತ ಘೋಷಣೆ ಆಗೋಯ್ತು. ಸರ್ಟಿಫಿಕೇಟು ಪಿಡಿಎಫ್ ಬಂತು. ಇನ್ನೂ ಡೌನ್‌ಲೋಡ್ ಫೋಲ್ಡರಲ್ಲಿ ಬಿದ್ದಿದೆ, ಕರೆಂಟ್ ಬಿಲ್ ಪಕ್ಕ.

ಈ ವರ್ಷ ಹೋಗಿದ್ದು ಕೊಲಂಬೊಯಿಂದ ಬಸ್ಸಲ್ಲಿ ಮೂರ್ನಾಲ್ಕು ಗಂಟೆ ಒಳಗಿರೋ ಒಂದು ಅರಣ್ಯ ವಿಹಾರಕ್ಕೆ. ಹೆಸರು ಹಾಕ್ಬೇಡಿ, ಜನ ಜಾಸ್ತಿ ಆದ್ರೆ ಕುಟಿ ಸಾಲಲ್ಲ ಅಂತ ಅವ್ರೇ ಕೇಳ್ಕೊಂಡಿದ್ದಾರೆ. ಹೇಳ್ಕೊಡೋದು ಬರ್ಮಾದ ಧ್ಯಾನ ಗುರು ಪಾ ಆಕ್ ಸಯಾಡೋ ಅವರ ಕ್ರಮದಲ್ಲಿ. ಫೀಸ್ ಇಲ್ಲ, ಹುಂಡೀಲಿ ಎಷ್ಟಾದ್ರೂ ಹಾಕಿ, ಹಾಕದಿದ್ರೂ ಯಾರೂ ಮುಖ ನೋಡಲ್ಲ. ಬಿಳಿ ಬಟ್ಟೆ, ಅಷ್ಟಶೀಲ ಅನ್ನೋ ಎಂಟು ನಿಯಮ, ಮಧ್ಯಾಹ್ನ 12ರ ಮೇಲೆ ಊಟ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ಅನ್ನ, ಪರಿಪ್ಪು ಅನ್ನೋ ಬೇಳೆ ಸಾರು, ಸಂಬೋಲ ಅನ್ನೋ ಕಾಯಿ ಚಟ್ನಿ, ಹಲಸಿನಕಾಯಿ ಪಲ್ಯ, ನಮ್ಮ ಮಲೆನಾಡಿನ ನಾಲಿಗೆಗೆ ಯಾವ ತೊಂದ್ರೇನೂ ಇಲ್ಲ, ಒಂದೆಲಗ ಕೂಡ ದಿನಾ ಇರುತ್ತೆ.

ಅಭ್ಯಾಸ ಏನಂದ್ರೆ ಉಸಿರು ಮೂಗಿನ ತುದಿಗೋ ಮೇಲ್ತುಟಿಗೋ ತಾಗೋ ಜಾಗದಲ್ಲಿ ಗಮನ ಇಟ್ಟು ಒಂದರಿಂದ ಎಂಟರವರೆಗೆ ಎಣಿಸೋದು, ಮತ್ತೆ ಒಂದಕ್ಕೆ ಬರೋದು. ಎಂಟು ಯಾಕೆ ಅಂದ್ರೆ ಅಷ್ಟಾಂಗ ಮಾರ್ಗದ ಲೆಕ್ಕ. ಮನಸ್ಸು ನಿಂತ್ರೆ ಎಣಿಕೆ ಬಿಡ್ಬೇಕು. ಇನ್ನೂ ನಿಂತ್ರೆ ನಿಮಿತ್ತ ಅಂತ ಒಂದು ಬೆಳಕು ಬರುತ್ತಂತೆ, ಕೆಲವ್ರಿಗೆ ಹತ್ತಿ ಥರ, ಕೆಲವ್ರಿಗೆ ನಕ್ಷತ್ರದ ಥರ. ಅದು ಅಲುಗಾಡ್ದೇ ಉಸಿರಿನ ಜೊತೆ ಒಂದಾಗಿ ನಿಂತಾಗ ಮನಸ್ಸು ಅದ್ರೊಳಗೆ ಮುಳುಗುತ್ತೆ. ಆಮೇಲೆ ವಿತಕ್ಕ, ವಿಚಾರ, ಪೀತಿ, ಸುಖ, ಏಕಗ್ಗತೆ ಅಂತ ಐದು ಅಂಗ ನೋಡ್ಬೇಕು. ಪಕ್ಕದ ಕುಟಿಯ ಜರ್ಮನ್ ಹುಡುಗ ಇದನ್ನ ಚೀಟಿ ಬರ್ಕೊಂಡು ಬಾಯಿಪಾಠ ಮಾಡ್ತಿದ್ದ, ನಂಗೆ ಎಲ್ಲಾ ಮನೆ ಪದಗಳೇ. ಆದ್ರೆ ಅಲ್ಲೇ ಎಡವಿದ್ದೂ ನಾನೇ. ಪೀತಿ ಅಂದ್ರೆ ನಮ್ಮ ಪ್ರೀತಿ ಅನ್ಕೊಂಡು ಎರಡು ದಿನ ಅಮ್ಮ, ಮಗಳು ಎಲ್ಲರನ್ನೂ ನೆನೆಸ್ಕೊಂಡು ಕೂತಿದ್ದೆ! ಪೀತಿ ಅಂದ್ರೆ ಮೈ ಜುಂ ಅನ್ನೋ ಹಿಗ್ಗು. ವಿಚಾರ ಅಂದ್ರೆ ಯೋಚ್ನೆ ಮಾಡೋದಲ್ಲ, ಹಿಡಿದಿದ್ದರ ಮೇಲೇ ಗಮನ ಸವರ್ತಾ ಇರೋದು.

ಸುತ್ತಗಳಲ್ಲಿ, ಅಂದ್ರೆ ಬುದ್ಧನ ಉಪದೇಶದ ಪಾಳಿ ಸೂತ್ರಗಳಲ್ಲಿ, ಮೊದಲನೇ ಝಾನಕ್ಕೆ ಒಂದು ಹೋಲಿಕೆ ಇದೆ, ಸ್ನಾನದ ಪುಡಿಗೆ ನೀರು ಚಿಮುಕಿಸಿ ಉಂಡೆ ಕಟ್ಟೋನದ್ದು, ಉಂಡೆ ಒಳಗೂ ಹೊರಗೂ ತೇವ ಆದ್ರೆ ಒಂದು ಹನೀನೂ ಸೋರಲ್ಲ. ಭಂತೆ (ಹೇಳ್ಕೊಡೋ ಭಿಕ್ಷು) ಇದನ್ನ ಹೇಳುವಾಗ ನಂಗೆ ದೀಪಾವಳಿ ನೀರು ತುಂಬೋ ಹಬ್ಬದ ಮಾರನೇ ಬೆಳಗ್ಗೆ ಅಜ್ಜಿ ಬಚ್ಚಲಲ್ಲಿ ಸೀಗೆಪುಡಿ ಕಲೆಸ್ತಿದ್ದ ಕೈ ಕಂಡಂಗಾಯ್ತು, ಜಾಸ್ತಿ ನೀರು ಬಿದ್ರೆ ಬೈಯೋಳು.

ಈಗ ಇಂಟರ್ವ್ಯೂ ವಿಷ್ಯ, ನಾಲ್ಕೂವರೆ ಸ್ಟಾರ್ ಕೊಟ್ಟಿರೋದೇ ಇದಕ್ಕೆ. ಎರಡು ದಿನಕ್ಕೊಮ್ಮೆ ಹತ್ತು ನಿಮಿಷ ಭಂತೆ ಎದುರು ಕೂತು ವರದಿ ಒಪ್ಪಿಸ್ಬೇಕು. ಎಂಟನೇ ದಿನ ನಾನು ಭಾರೀ ಖುಷೀಲಿ ಹೋಗಿ ಭಂತೆ, ಬೆಳಕು ಬಂತು, ಎಡಗಡೆ, ಮೂರು ದಿನದಿಂದ ಬರ್ತಿದೆ ಅಂದೆ.

"ಎಷ್ಟೊತ್ತಿಗೆ?"

"ಸಂಜೆ ನಾಲ್ಕೂವರೆ ಹತ್ರ."

"ದಿನಾ ನಾಲ್ಕೂವರೆಗೇನಾ?"

"ಹೂಂ ಭಂತೆ."

"ನಾಳೆ ಕಿಟಕಿ ಮುಚ್ಚಿ ಕೂತ್ಕೊಳಿ."

ಮುಚ್ಚಿದೆ. ಬರ್ಲಿಲ್ಲ. ಊಟದ ಮನೆ ತಗಡಿಗೆ ಬಿಸಿಲು ಬಿದ್ದು ನನ್ನ ಕಣ್ರೆಪ್ಪೆ ಮೇಲೆ ಬರ್ತಿತ್ತು. ಭಂತೆ ನಗ್ಲಿಲ್ಲ, ಮತ್ತೆ ಒಂದರಿಂದ ಎಂಟು ಎಣಿಸಿ ಅಂದ್ರು. ಇಲ್ಲಿ ಮೊದಲನೇ ಝಾನಾನೇ ಒಂದೆರಡು ಗಂಟೆ ಅಲುಗಾಡ್ದೇ ನಿಲ್ಸಿ, ಬೇಕಾದಾಗ ಹೋಗಿ, ಬೇಕಾದಾಗ ಎದ್ದು, ಪಳಗಿಸ್ಕೊಳ್ದೇ ಎರಡನೇದರ ಮಾತೇ ಎತ್ತಲ್ಲ. ಇಷ್ಟು ಆಳ ಬೇಕಿಲ್ಲ, ಸುತ್ತಗಳಲ್ಲಿರೋ ಝಾನ ಇದಕ್ಕಿಂತ ಹಗುರ ಅನ್ನೋ ಗುರುಗಳೂ ಇದ್ದಾರೆ, ಆ ಜಗಳ ನಾನು ಬಗೆಹರಿಸೋ ಅಂಥದ್ದಲ್ಲ. ಆದ್ರೆ 5ನೇ ಶತಮಾನದಲ್ಲಿ ಬುದ್ಧಘೋಷ ಇದೇ ಲಂಕಾದ ಅನುರಾಧಪುರದಲ್ಲಿ ಕೂತು ಬರೆದ ವಿಸುದ್ಧಿಮಗ್ಗ ಅನ್ನೋ ಗ್ರಂಥದಲ್ಲಿ, ಕಸಿಣದ (ಮಣ್ಣಿನ ಬಿಲ್ಲೆಯಂಥದ್ದನ್ನ ದಿಟ್ಟಿಸೋ ಧ್ಯಾನ) ಮಾತು ಬಂದಾಗ, ನಿಮಿತ್ತ ಎಬ್ಬಿಸೋದು ನೂರಕ್ಕೋ ಸಾವಿರಕ್ಕೋ ಒಬ್ಬರಿಗೆ ಅಂತಿದೆ. ನಮ್ಮ ಝೂಮ್ ಕ್ಲಾಸಲ್ಲಿ 22 ಜನಕ್ಕೆ 22 ಜನಾನೂ ಪಾಸು.

ಕೊನೆ ದಿನ ಧೈರ್ಯ ಮಾಡಿ ಭಂತೆ ನಿಮ್ಗೆ ಝಾನ ಆಗಿದ್ಯಾ ಅಂತ ಕೇಳೇಬಿಟ್ಟೆ. ಅವ್ರು ಮಳೆ ಜೋರಾಯ್ತು, ಛತ್ರಿ ಇದ್ಯಾ ಅಂದ್ರು. ಆಚೆ ಬಂದ್ಮೇಲೆ ಅಲ್ಲಿನ ಹಳೇ ಉಪಾಸಕರೊಬ್ರು ವಿವರ್ಸಿದ್ರು: ಆಗದೇ ಇರೋ ಝಾನ ಆಯ್ತು ಅಂತ ಭಿಕ್ಷು ಬೇಕಂತಲೇ ಸುಳ್ಳು ಹೇಳಿದ್ರೆ ಅದು ಪಾರಾಜಿಕ, ಅಲ್ಲಿಗೆ ಅವ್ನು ಭಿಕ್ಷು ಅಲ್ಲ, ಕಳ್ಳತನ ಕೊಲೆಗೆ ಏನು ಶಿಕ್ಷೆಯೋ ಅದೇ. ನಿಜವಾಗ್ಲೂ ಆಗಿದ್ರೂ ನಮ್ಮಂಥ ಗೃಹಸ್ಥರ ಹತ್ರ ಹೇಳ್ಕೊಂಡ್ರೆ ಅದೂ ಆಪತ್ತಿ, ಅಂದ್ರೆ ನಿಯಮ ಮುರಿದ ತಪ್ಪು, ಚಿಕ್ಕದು. ಅಂದ್ರೆ ಎರಡೂವರೆ ಸಾವಿರ ವರ್ಷದ ಹಿಂದೇನೇ ನಮ್ಮ ಕೋಚ್ ಥರದವ್ರು ಇದ್ರು ಅನ್ಸುತ್ತೆ, ಇಲ್ಲಾಂದ್ರೆ ರೂಲ್ ಯಾಕೆ ಮಾಡ್ತಿದ್ರು.

ಅರ್ಧ ಸ್ಟಾರ್ ಕಟ್ ಯಾಕೆ: ಕುಟಿ ಹಾಸಿಗೆ ಅಂದ್ರೆ ಹಲಗೆ ಮೇಲೊಂದು ಚಾಪೆ, ಸೊಂಟ ನೋವಿರೋರು ಮೊದ್ಲೇ ಹೇಳಿ. ಮಳೆಗಾಲದಲ್ಲಿ ಇಂಬ್ಳ ವಿಪರೀತ, ನಡಿಗೆ ಧ್ಯಾನ ಮಾಡ್ತಾ ಕಾಲು ಕಡೆ ನೋಡ್ದೇ ಇರಕ್ಕೆ ನನ್ನಿಂದಂತೂ ಆಗ್ಲಿಲ್ಲ, ಕೀಳಬಹುದು ಸಾಯ್ಸೋ ಹಂಗಿಲ್ಲ. ಮೇಲ್ ಹಾಕಿದ್ರೆ ಉತ್ತರ ಬರಕ್ಕೆ ಮೂರು ವಾರ. ಉದ್ದ ಸಾಕ್ಸು, ಟಾರ್ಚು ತಗೊಂಡ್ಹೋಗಿ. ತಿಂಡಿ ಪೊಟ್ಟಣ ಬೇಡ, ಸಂಜೆ ಐದಕ್ಕೆ ಶುಂಠಿ ಚಹಾ ಜೊತೆ ಬೈನೆ ಬೆಲ್ಲದ ಒಂದು ತುಂಡು ಕೊಡ್ತಾರೆ, ಹಸಿದ ಹೊಟ್ಟೇಲಿ ಅದು ಕರಗೋವರೆಗೂ ನನ್ನ ಮನಸ್ಸು ಬೇರೆಲ್ಲೂ ಹೋಗ್ತಿರ್ಲಿಲ್ಲ. ಅದನ್ನ ಭಂತೆಗೆ ವರದಿ ಮಾಡ್ಲಿಲ್ಲ.