ಲಾಡಿ ಸಂಚಿ: ಚಪ್ಪಟೆಯೋ, ದುಂಡುತಳವೋ?

ಮೊದಲ ಸಲ ಹೊಲಿಯುವವರಿಗೆ ಚಪ್ಪಟೆ ಸಂಚಿಯೇ ಸರಿ. ಉದ್ದದ ಒಂದೇ ತುಂಡನ್ನು ಮಡಚಿ, ಎರಡು ಬದಿ ಹೊಲಿದು, ಬಾಯಿಯ ಬಳಿ ಲಾಡಿ ಹಾಯಲು ಮಡಿಕೆ ಕೊಟ್ಟರೆ ಮುಗಿಯಿತು. ತಾಂಬೂಲ ಕೊಡಲು ಹತ್ತಾರು ಬೇಕಿದ್ದರೆ ಬೇರೆ ಯೋಚನೆಯೇ ಬೇಡ.

ದುಂಡುತಳದ ಸಂಚಿ, ಅಂದರೆ ಪೋಟ್ಲಿ, ಕೈಯಲ್ಲಿ ಹಿಡಿದಾಗ ಚೆಂದ, ಮೇಜಿನ ಮೇಲೆ ನೆಟ್ಟಗೆ ಕೂರುತ್ತದೆ. ಆದರೆ ಲೆಕ್ಕ ಕೇಳುತ್ತದೆ. ಹೊಲಿದ ಮೇಲೆ ತಳ 5 ಅಂಗುಲ ಅಗಲ ಬರಬೇಕಾದರೆ ಸುತ್ತಳತೆ ಸುಮಾರು 15.7 ಅಂಗುಲ; ಹೊಲಿಗೆಯ ಅಂಚಿಗೆ ಇನ್ನೊಂದು ಅಂಗುಲ ಸೇರಿಸಿ ಮೈಬಟ್ಟೆ ಕತ್ತರಿಸಬೇಕು. ತಳದ ವೃತ್ತಕ್ಕೂ ಅಂಚು ಬಿಡುವುದನ್ನು ಮರೆತರೆ ನೆರಿಗೆ ಬೀಳುವುದು ಖಚಿತ. ಅಸ್ತರು (ಒಳಪದರದ ಬಟ್ಟೆ) ಇಲ್ಲದ ಪೋಟ್ಲಿಯನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಬಟ್ಟೆಯಲ್ಲಿ ನನ್ನ ಮತ ಗುಳೇದಗುಡ್ಡದ ಖಣಕ್ಕೆ. ಕುಪ್ಪಸಕ್ಕೆಂದೇ ನೇಯುವ ಈ ಬಟ್ಟೆಯ ಅಂಚನ್ನು ಸಂಚಿಯ ಬಾಯಿಗೆ ಇಟ್ಟರೆ ಬೇರೆ ಅಲಂಕಾರವೇ ಬೇಕಿಲ್ಲ. ಕಸೂತಿ ಹಾಕುವವರು ಮಾತ್ರ ಎಳೆ ಎಣಿಸಲು ಬರುವ ಸಾದಾ ಹತ್ತಿ ತೆಗೆದುಕೊಳ್ಳಲಿ. ನುಣುಪು ರೇಷ್ಮೆ ಕತ್ತರಿಸುವಾಗ ಜಾರಿ, ಅಂಚಿನಲ್ಲಿ ಎಳೆ ಬಿಟ್ಟುಕೊಳ್ಳುತ್ತದೆ. ಕೈ ಪಳಗಿದವರಿಗೆ ಬಿಡಿ.

ಲಾಡಿ ಒಂದಿದ್ದರೆ ಬಾಯಿ ಒಂದೇ ಕಡೆಗೆ ಎಳೆದುಕೊಳ್ಳುತ್ತದೆ. ಎರಡನ್ನು ಎದುರುಬದುರು ಹಾಯಿಸಿದರೆ ಸಮನಾಗಿ ಮುಚ್ಚುತ್ತದೆ. 8 ಅಂಗುಲ ಅಗಲದ ಚಪ್ಪಟೆ ಸಂಚಿಗೆ 24 ಅಂಗುಲದ ಎರಡು ಲಾಡಿ ಸಾಕು. ಗಂಟಿಗೂ ಗೊಂಡೆಗೂ ಉದ್ದ ಉಳಿಯುತ್ತದೆ.

ಒಳಗೆ ಅರೆಗಳಿರುವ ಎಲೆ-ಅಡಿಕೆ ಸಂಚಿಯ ಮಾತೇ ಬೇರೆ. ಅದನ್ನು ಇವೆರಡೂ ಕೈಗೆ ಕೂತ ಮೇಲೆ ಹಿಡಿಯಿರಿ.